ಉಂಗುರವಿಲ್ಲದ ಕೆಂಪು ಕಲೆ

ಫಿಲ್ಟರ್ ಪೇಪರಿನ ಮೇಲೆ ಬಿದ್ದ ಹನಿ ಹರಡುತ್ತಲೇ ಹೋಯಿತು. ಮೊದಲು ಬಟಾಣಿಯಷ್ಟು, ಆಮೇಲೆ ಅಂಗಿಯ ಗುಂಡಿಯಷ್ಟು, ಕೊನೆಗೆ ಬಾಟಲಿಯ ಮುಚ್ಚಳದಷ್ಟು. ನಡುವೆ ಕಪ್ಪಿಲ್ಲ. ಅಂಚಿನಲ್ಲಿ ಉಂಗುರವಿಲ್ಲ. ಬರೀ ಕೆಂಪು.

ಲ್ಯಾಬಕ್ಕ ಮೂರನೆಯ ಸಲ ಹನಿ ಹಾಕಿದಳು. ಮೂರನೆಯ ಸಲವೂ ಅದೇ.

ಇದು ಹೀಗಿರಬಾರದಿತ್ತು.

ನಿನ್ನೆ ಸಂಜೆ ಆಸ್ಪತ್ರೆಯ ಏರಿನಲ್ಲಿ ಕಣ್ಣಿನ ಡಾಕ್ಟರಮ್ಮನ ಆಟೋಮ್ಯಾಟಿಕ್ ಕಾರು ಎಳೆಯುವುದನ್ನೇ ನಿಲ್ಲಿಸಿ, ಹಿಂದಕ್ಕೆ ಜಾರಿ ತಡೆಗೋಡೆಗೆ ಬಡಿದಿತ್ತು. ಡಾಕ್ಟರಮ್ಮನಿಗೆ ಇನ್ನೂ ಎಚ್ಚರ ಬಂದಿಲ್ಲ. ಮೊನ್ನೆಯಷ್ಟೇ ಆ ಕಾರಿನ ಗೇರ್ ಬಾಕ್ಸಿಗೆ ಹೊಸ ಆಯಿಲ್ ಹಾಕಿಕೊಟ್ಟವನು ಲ್ಯಾಬಕ್ಕನ ತಮ್ಮ.

ಲ್ಯಾಬಕ್ಕ ಎಂಬುದು ತಮ್ಮನ ಗ್ಯಾರೇಜಿನವರು ಇಟ್ಟ ಹೆಸರು. ಬಸ್ ಡಿಪೊಗಳಿಂದ, ಕಾರ್ಖಾನೆಗಳಿಂದ ಬರುವ ಆಯಿಲ್ ಪರೀಕ್ಷಿಸುವ ಲ್ಯಾಬಿನಲ್ಲಿ ಅವಳಿಗೆ ಹದಿನೆಂಟು ವರ್ಷದ ನೌಕರಿ. ಮಾತಾಡುವ ಮುಂಚೆ ಎರಡು ಸಲ ಯೋಚಿಸುವುದು, ಮಾತಾಡಿದ ಮೇಲೆ ನಾಲ್ಕು ಸಲ ಯೋಚಿಸುವುದು ಅವಳ ಸ್ವಭಾವ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ವಾಪಸಾಗುವ ಜಾತಿ.

ಗೋಡೆಯ ಗಡಿಯಾರ ಎರಡೂವರೆ ತೋರಿಸುತ್ತಿತ್ತು. ನಾಲ್ಕಕ್ಕೆ ತಮ್ಮನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ಅಲ್ಲಿ ಅವನು ತಪ್ಪೊಪ್ಪಿಕೊಂಡರೆ ಮುಗಿಯಿತು. ಡಾಕ್ಟರಮ್ಮ ಉಳಿದರೂ ಅವನು ಒಳಗೆ. ಉಳಿಯದಿದ್ದರೆ ಎಷ್ಟು ವರ್ಷ ಒಳಗೆ ಎಂದು ಲೆಕ್ಕ ಹಾಕುವ ಧೈರ್ಯ ಅವಳಿಗಿರಲಿಲ್ಲ.

ಮೇಜಿನ ಮೇಲೆ ಎರಡು ಪುಟ್ಟ ಸೀಸೆಗಳಿದ್ದವು. ಊರಿಗೆ ಇದೊಂದೇ ಆಯಿಲ್ ಲ್ಯಾಬಾದ್ದರಿಂದ ಎರಡನ್ನೂ ಒಂದು ಗಂಟೆಗೆ ಇನ್ಸ್‌ಪೆಕ್ಟರು ಕೊಟ್ಟು ಕಳಿಸಿದ್ದರು. ಒಂದರಲ್ಲಿ ಗ್ಯಾರೇಜಿಗೆ ಸೀಲ್ ಹಾಕುವಾಗ ಸಿಕ್ಕ, ತೆರೆದ ಕ್ಯಾನಿನ ಆಯಿಲ್. ಅದರ ಬಣ್ಣ ತಿಳಿ ಹಸಿರು. ಇನ್ನೊಂದು, ಇವತ್ತು ಮಧ್ಯಾಹ್ನ ಪೊಲೀಸರ ಮೆಕ್ಯಾನಿಕ್ ಕಾರಿನ ಗೇರ್ ಬಾಕ್ಸಿನಿಂದಲೇ ತೆಗೆದದ್ದು. ಅದು ಕೆಂಪು.

ತಮ್ಮನ ಮಾತೂ ಎರಡು. ನಿನ್ನೆ ರಾತ್ರಿಯ ಹೇಳಿಕೆಯಲ್ಲಿ ಹಸಿರು ಹಾಕಿದೆ ಎಂದಿದ್ದ. ಇವತ್ತು ಒಂದೂವರೆಗೆ, ಯಾರೂ ಕೇಳದೆಯೇ, ಕೆಂಪು ಹಾಕಿದೆ, ತಪ್ಪು ನನ್ನದೇ ಎಂದಿದ್ದ.

ಅವಳಿಗೆ ತಲೆ ಬುಡ ಅರ್ಥವಾಗದೆ ಇದ್ದದ್ದು ಅಲ್ಲಿಯೇ.

ಗೇರ್ ಬಾಕ್ಸನ್ನು ಗ್ಯಾರೇಜಿನವರು ಪೆಟ್ಟಿಗೆ ಎನ್ನುತ್ತಾರೆ. ಅದೇ ಹೆಸರಿನ, ಅದೇ ವರ್ಷದ, ಹೊರಗಿನಿಂದ ಅವಳಿಜವಳಿಯಂತೆ ಕಾಣುವ ಎರಡು ಕಾರುಗಳಲ್ಲಿ ಎರಡು ಬಗೆಯ ಪೆಟ್ಟಿಗೆ ಇರಬಹುದು. ಒಂದರೊಳಗೆ ಹಲ್ಲಿನ ಚಕ್ರಗಳು. ಇನ್ನೊಂದರೊಳಗೆ ಎರಡು ರಾಟೆ, ಅವುಗಳ ಮೇಲೆ ಓಡುವ ಉಕ್ಕಿನ ಪಟ್ಟಿ. ಹಲ್ಲಿನ ಪೆಟ್ಟಿಗೆಗೆ ಒಂದು ಆಯಿಲ್, ಪಟ್ಟಿಯ ಪೆಟ್ಟಿಗೆಗೆ ಇನ್ನೊಂದು. ಪಟ್ಟಿಯ ಪೆಟ್ಟಿಗೆಯ ಆಯಿಲ್ ಬರೀ ಜಾರಿಸಿದರೆ ಸಾಲದು, ಪಟ್ಟಿ ರಾಟೆಯನ್ನು ಕಚ್ಚಿ ಹಿಡಿಯುವಂತೆಯೂ ನೋಡಿಕೊಳ್ಳಬೇಕು. ಹಿಡಿತ ತಪ್ಪಿದರೆ ಏರಿನಲ್ಲಿ ಎಂಜಿನ್ ಅರಚುತ್ತದೆ, ಕಾರು ಹಿಂದಕ್ಕೆ ಜಾರುತ್ತದೆ. ಡಾಕ್ಟರಮ್ಮನ ಕಾರಿನದು ಪಟ್ಟಿಯ ಪೆಟ್ಟಿಗೆ.

ಬಣ್ಣವನ್ನು ಮಾತ್ರ ನಂಬಬಾರದು ಎಂದು ತಮ್ಮನೇ ಅವಳಿಗೆ ಪಾಠ ಹೇಳಿದ್ದ. ಬಣ್ಣ ಕಂಪನಿಯವರು ಕಲಸುವುದು, ಒಬ್ಬರ ಹಸಿರು ಇನ್ನೊಬ್ಬರ ನೀಲಿ ಎಂದಿದ್ದ. ಅದಕ್ಕೇ ಅವಳು ಎರಡನ್ನೂ ಯಂತ್ರಕ್ಕೆ ಕೊಟ್ಟು ನೋಡಿದ್ದಳು. ಸಂಶಯವೇ ಇಲ್ಲ: ಹಸಿರು ಆ ಕಾರಿಗೆ ಒಗ್ಗುವ ಆಯಿಲ್. ಕೆಂಪು, ಹಲ್ಲಿನ ಪೆಟ್ಟಿಗೆಯದು.

ಅಲ್ಲಿಗೆ ತಮ್ಮನ ಕಥೆ ಮುಗಿದಂತೆಯೇ ಇತ್ತು. ಈ ಹನಿಯೊಂದು ಹೀಗೆ ನಾಚಿಕೆಯಿಲ್ಲದೆ ಹರಡದಿದ್ದರೆ.

ಅವಳು ಕಪಾಟಿನಿಂದ ಇನ್ನೊಂದು ಸೀಸೆ ತೆಗೆದಳು. ಹೋದ ತಿಂಗಳು ಯಾವುದೋ ವ್ಯಾನಿನ ಪಟ್ಟಿ ಜಾರಿ ಕೆಟ್ಟಾಗ ಬಂದ ಆಯಿಲ್ ಅದು. ಒಂದು ಹನಿ ಹಾಕಿದಳು. ಹನಿ ಸ್ವಲ್ಪ ಹರಡಿ ನಿಂತುಬಿಟ್ಟಿತು. ನಡುವೆ ಕಾಡಿಗೆಯಂಥ ಕಲೆ, ಅದರ ಸುತ್ತ ಕಂದು ಉಂಗುರ. ಬೆಳಕಿಗೆ ಹಿಡಿದರೆ ಉಕ್ಕಿನ ಪುಡಿ ಮಿರಮಿರ ಮಿಂಚಿತು. ಮೂಗಿನ ಹತ್ತಿರ ತಂದರೆ ತಳ ಹಿಡಿದ ಪಾತ್ರೆಯ ವಾಸನೆ.

ಪಟ್ಟಿ ಜಾರಿದ ಪೆಟ್ಟಿಗೆಯ ಆಯಿಲ್ ಹೀಗಿರುತ್ತದೆ.

ಈ ಕೆಂಪಿಗೆ ವಾಸನೆಯೇ ಇರಲಿಲ್ಲ. ಕ್ಯಾನಿನಿಂದ ಈಗಷ್ಟೇ ಬಗ್ಗಿಸಿದಂತಿತ್ತು. ಇದು ಒಂದು ದಿನ ಕಾರು ಓಡಿಸಿ, ಏರಿನಲ್ಲಿ ಕೈಕೊಟ್ಟು, ಒಬ್ಬರನ್ನು ಸಾವಿನ ಬಾಗಿಲಿಗೆ ತಂದು ನಿಲ್ಲಿಸಿದ ಆಯಿಲ್ ಅಲ್ಲವೇ ಅಲ್ಲ.

ಕಾರು ಗೋಡೆಗೆ ಬಡಿದ ಮೇಲೆ ಯಾರೋ ಸುರಿದದ್ದು.

ತಮ್ಮ ಆಗ ಠಾಣೆಯಲ್ಲಿದ್ದ. ಆದರೆ ಸಂತೋಷದ ಹಿಂದೆಯೇ ಇನ್ನೊಂದು ಪ್ರಶ್ನೆ ಬಂದು ನಿಂತಿತು. ಹಾಗಿದ್ದರೆ ತಮ್ಮ ಯಾಕೆ ಸುಳ್ಳು ಒಪ್ಪಿಕೊಂಡ?

ಪೇಪರುಗಳನ್ನು ಫೈಲಿನೊಳಗೆ ಸೇರಿಸಿದಳು. ಬಾಗಿಲವರೆಗೆ ಹೋಗಿ, ಸೀಸೆಗಳ ಮುಚ್ಚಳ ಸರಿಯಾಗಿ ಹಾಕಿದೆನೇ ಎಂದು ಮತ್ತೆ ಬಂದು ನೋಡಿದಳು. ಹಾಕಿದ್ದಳು.

*

ಇನ್ಸ್‌ಪೆಕ್ಟರ ಕೋಣೆಯಲ್ಲಿ ಫ್ಯಾನು ತಿರುಗುವುದಕ್ಕಿಂತ ಹೆಚ್ಚು ನರಳುತ್ತಿತ್ತು. ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ತಮ್ಮ ತಲೆ ತಗ್ಗಿಸಿ ಕೂತಿದ್ದ. ನಿನ್ನೆ ಆರು ಗಂಟೆಗೆ ಕರೆತಂದಾಗ ಇದ್ದ ಅಂಗಿಯೇ, ಅದೇ ಗ್ರೀಸು. ಬೆಂಚಿನ ಇನ್ನೊಂದು ತುದಿಯಲ್ಲಿ ಅವನ ಹೆಂಡತಿ. ಗ್ಯಾರೇಜಿನಲ್ಲಿ ಅವನಷ್ಟೇ ದುಡಿಯುವವಳು, ಅವನಿಗಿಂತ ಎರಡು ಮಾತು ಹೆಚ್ಚೇ ಆಡುವವಳು. ಇವತ್ತು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಅತ್ತಿಗೆಯನ್ನು ನೋಡಿ ಸ್ವಲ್ಪ ಸರಿದು ಜಾಗ ಮಾಡಿದಳು, ಅಷ್ಟೇ.

ಲ್ಯಾಬಕ್ಕ ಕೂರಲಿಲ್ಲ.

ಇನ್ಸ್‌ಪೆಕ್ಟರು ಪೆನ್ಸಿಲ್ ಚೂಪು ಮಾಡುತ್ತಿದ್ದರು. ದನಿ ಎತ್ತದ ಮನುಷ್ಯ. ಅವರು ಮೇಡಂ ಎಂದು ಕರೆದಾಗಲೆಲ್ಲ ಅವಳಿಗೆ ತಾನು ಏನೋ ತಪ್ಪು ಮಾಡಿದ್ದೇನೆ ಅನ್ನಿಸುತ್ತಿತ್ತು.

"ಯಾವ ಆಯಿಲ್ ಅಂತ ಗೊತ್ತಾಯ್ತಾ ಮೇಡಂ?"

"ಗೊತ್ತಾಯ್ತು. ಯಾವಾಗ ಹಾಕಿದ್ದು ಅನ್ನೋದೂ ಗೊತ್ತಾಯ್ತು."

ಪೆನ್ಸಿಲ್ ನಿಂತಿತು. ತಮ್ಮ ತಲೆ ಎತ್ತಿದ.

"ಅಕ್ಕ, ನಿಂಗ್ಯಾಕೆ ಬೇಕು ಇದೆಲ್ಲ. ನಾನು ಹೇಳಿ ಆಯ್ತಲ್ಲ. ಕೆಂಪು ಕ್ಯಾನು ಕೈಗೆ ಸಿಕ್ತು, ಹಾಕ್ದೆ."

"ಅಂಗಿ ತೋಳು ಮಡಚು."

ಅವನು ಮಡಚಲಿಲ್ಲ. ಅವಳೇ ಬಗ್ಗಿ ಅವನ ಎಡಗೈಯ ತೋಳನ್ನು ಮೇಲಕ್ಕೆ ಸರಿಸಿದಳು. ಮೊಣಕೈ ಕೆಳಗೆ ಬಾಲ್‌ಪೆನ್ನಿನ ನೀಲಿ ಅಕ್ಷರಗಳು, ಬೆವರಿಗೆ ಹರಡಿ ಮಸುಕಾಗಿದ್ದರೂ ಓದುವಂತಿದ್ದವು.

ಇನ್ಸ್‌ಪೆಕ್ಟರಿಗೆ ಅವಳು ವಿವರಿಸಿದಳು. ಇವನು ಬಾನೆಟ್ಟಿನ ಕೆಳಗಿನ ಚೀಟಿಯನ್ನೂ ನಂಬುವವನಲ್ಲ, ಕಾರಿನವರು ಹೇಳುವುದನ್ನೂ ನಂಬುವವನಲ್ಲ. ಕಾರಿನ ಅಡಿಗೆ ತೆವಳಿ, ಪೆಟ್ಟಿಗೆಯ ಮೈಮೇಲೆ ಕೊರೆದ ನಂಬರನ್ನು ಕೈಮೇಲೆ ಬರೆದುಕೊಂಡು ಬಂದು, ಕಂಪನಿಯ ಪುಸ್ತಕದಲ್ಲಿ ಹುಡುಕಿ, ಆಮೇಲೆ ಕ್ಯಾನಿಗೆ ಕೈ ಹಾಕುತ್ತಾನೆ. ತೋಳಿನ ಮೇಲಿರುವುದು ಡಾಕ್ಟರಮ್ಮನ ಕಾರಿನ ಪೆಟ್ಟಿಗೆಯ ನಂಬರು.

"ಮದುವೆ ದಿನವೂ ಯಾವುದೋ ವ್ಯಾನಿನ ನಂಬರ್ ಕೈಮೇಲೆ ಇಟ್ಕೊಂಡೇ ಹಾರ ಹಾಕಿದವನು ಸಾರ್ ಇವನು. ಇಷ್ಟು ಬರ್ಕೊಂಡ ಮೇಲೆ ಬೇರೆ ಕ್ಯಾನು ಎತ್ತುತಾನಾ?"

ಬೆಂಚಿನ ತುದಿಯಲ್ಲಿ ತಮ್ಮನ ಹೆಂಡತಿಯ ತುಟಿ ಅರೆಗಳಿಗೆ ಅಲುಗಿತು. ಅದು ನಗುವೋ ಅಳುವೋ ತಿಳಿಯಲಿಲ್ಲ.

ಇನ್ಸ್‌ಪೆಕ್ಟರು ಒಪ್ಪಲಿಲ್ಲ. ಬರೆದುಕೊಂಡ ಮಾತ್ರಕ್ಕೆ ಕೈ ತಪ್ಪುವುದಿಲ್ಲ ಎಂದೇನಿಲ್ಲ ಎಂದರು. ಅವರು ಹೇಳಿದ್ದು ಸರಿಯೇ ಇತ್ತು. ಅವಳಿಗೂ ಹಾಗೇ ಅನ್ನಿಸಿತ್ತು, ಆ ಹನಿ ನೋಡುವವರೆಗೆ.

ಅವಳು ಎರಡು ಪೇಪರುಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟಳು. ಒಂದರಲ್ಲಿ ಕಾಡಿಗೆಯ ಕಲೆ, ಉಂಗುರ. ಇನ್ನೊಂದರಲ್ಲಿ ಬರೀ ಕೆಂಪು.

"ಕಾರಿನಲ್ಲಿದ್ದ ಆಯಿಲ್ ಇದು. ಇದು ಒಂದು ಫರ್ಲಾಂಗೂ ಓಡಿಲ್ಲ ಸಾರ್. ಸುಟ್ಟಿಲ್ಲ, ಬಿಸಿಯೂ ಆಗಿಲ್ಲ. ಕಾರು ಗೋಡೆಗೆ ಗುದ್ದಿದ ಮೇಲೆ ಯಾರೋ ಸುರಿದಿದ್ದಾರೆ. ಕಾರು ನಿಮ್ಮ ಯಾರ್ಡಿಗೆ ಬರೋ ಮುಂಚೆಯೇ ಇವನು ನಿಮ್ಮ ಬೆಂಚಿನ ಮೇಲಿದ್ದ. ಸುರಿದವನು ಇವನಲ್ಲ."

ಇನ್ಸ್‌ಪೆಕ್ಟರು ಪೇಪರನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ತಿರುಗಿಸಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ, ಬೇಸರವೂ ಇರಲಿಲ್ಲ. ಬಹಳ ಹೊತ್ತಿನಿಂದ ಹುಡುಕುತ್ತಿದ್ದ ವಸ್ತುವಿನ ಒಂದು ತುಂಡು ಸಿಕ್ಕವರಂತೆ ಇದ್ದರು. ಅದು ಅವಳಿಗೆ ವಿಚಿತ್ರ ಅನ್ನಿಸಿತು.

"ಅಂದ್ರೆ ನಿನ್ನೆ ಸಂಜೆಯಿಂದ ಇವತ್ತು ಮಧ್ಯಾಹ್ನದೊಳಗೆ," ಎಂದರು. "ಯಾರೋ ಬಂದು ಸುರಿದರು."

"ಹೌದು."

ಅವರು ಗಂಟೆ ಒತ್ತಿದರು.

*

ಹಿಡಿದ ವಾಹನಗಳನ್ನು ನಿಲ್ಲಿಸುವ ಯಾರ್ಡು ಠಾಣೆಯ ಹಿಂಭಾಗದಲ್ಲೇ ಇತ್ತು. ಕಾವಲುಗಾರ ಎರಡು ನಿಮಿಷದಲ್ಲಿ ರಿಜಿಸ್ಟರ್ ಕಂಕುಳಲ್ಲಿಟ್ಟುಕೊಂಡು ಬಂದ. ಒಂದು ಕಿವಿ ಸ್ವಲ್ಪ ಮಂದ. ಅದಕ್ಕೇ ಎಲ್ಲರೂ ಕಿವುಡರು ಅನ್ನುವಂತೆ ಮಾತಾಡುತ್ತಿದ್ದ.

ಹೌದು, ಬಂದಿದ್ದರು ಎಂದ. ಇವತ್ತು ಬೆಳಿಗ್ಗೆ ಹತ್ತಕ್ಕೆ. ಒಬ್ಬರು ಹೆಂಗಸು. ಬಿಳಿ ಕೋಟು, ಮುಖಕ್ಕೆ ಮಾಸ್ಕು. ಲ್ಯಾಬಿನಿಂದ ಬಂದಿದ್ದೇನೆ, ಸ್ಯಾಂಪಲ್ ಬೇಕು ಎಂದರು. ಲ್ಯಾಬಿನವರು ಬರುತ್ತಾರೆ ಎಂದು ಮೊದಲೇ ಹೇಳಿದ್ದರಲ್ಲ, ಅದಕ್ಕೆ ಬಿಟ್ಟೆ.

ಇನ್ಸ್‌ಪೆಕ್ಟರು ರಿಜಿಸ್ಟರನ್ನು ಲ್ಯಾಬಕ್ಕನ ಕಡೆ ತಿರುಗಿಸಿ ಒಂದು ಸಾಲಿನ ಮೇಲೆ ಪೆನ್ಸಿಲ್ ಇಟ್ಟರು. ಹತ್ತು ಗಂಟೆ ಹತ್ತು ನಿಮಿಷ. ಲ್ಯಾಬ್. ಮುಂದೆ ಒಂದು ಗೀಚು.

"ಹತ್ತಕ್ಕೆ ಎಲ್ಲಿದ್ರಿ ಮೇಡಂ?"

ವಕೀಲರೊಬ್ಬರ ಮನೆಯ ಮುಂದೆ. ಎಂಟೂವರೆಯಿಂದ ಹನ್ನೊಂದರವರೆಗೆ ಮುಚ್ಚಿದ ಗೇಟಿನ ಹೊರಗೆ ಕಾದಿದ್ದಳು. ವಕೀಲರು ಊರಲ್ಲಿರಲಿಲ್ಲ. ಅವಳನ್ನು ನೋಡಿದವರು ಯಾರೂ ಇಲ್ಲ. ಹೇಳಿದಳು. ಹೇಳುತ್ತಿದ್ದಂತೆ ಅವಳಿಗೇ ಅದು ಕಟ್ಟುಕಥೆಯಂತೆ ಕೇಳಿಸಿತು.

"ಸಾಕು ಅಕ್ಕ," ಎಂದ ತಮ್ಮ. "ಸಾರ್, ಅವಳನ್ನ ಬಿಟ್ಟುಬಿಡಿ. ನಾನು ಒಪ್ಕೊಂಡಿದ್ದೀನಲ್ಲ."

ಅವಳು ತಿರುಗಿ ಅವನನ್ನು ನೋಡಿದಳು. ಮಧ್ಯಾಹ್ನ ಒಂದಕ್ಕೆ ಅವನನ್ನು ಕಾರು ಗುರುತಿಸಲೆಂದು ಯಾರ್ಡಿಗೆ ಕರೆದೊಯ್ದಿದ್ದರು. ಈ ಕಾವಲುಗಾರ ಅವನ ಹತ್ತಿರವೂ ಬಿಳಿ ಕೋಟಿನ, ಕೆಂಪು ಆಯಿಲಿನ ಕಥೆ ಒದರಿರಬೇಕು. ಒಂದೂವರೆಗೆ ಅವನ ಹೇಳಿಕೆ ಹಸಿರಿನಿಂದ ಕೆಂಪಿಗೆ ತಿರುಗಿತ್ತು.

"ನಾನೇ ಅಂದ್ಕೊಂಡ್ಯಾ ನೀನು?"

"ನೀನಲ್ವಾ?"

"ನಾನ್ಯಾಕೆ ಕೆಂಪು ಸುರೀಲಿ?"

"ನಾನು ಏನೋ ತಪ್ಪು ಆಯಿಲ್ ಹಾಕಿದ್ದೀನಿ ಅಂತ ಹೆದರಿ ಹೋಗಿರ್ತೀಯ ಅಂದ್ಕೊಂಡೆ. ಆಟೋಮ್ಯಾಟಿಕ್ ಅಂದ್ರೆ ಕೆಂಪು ಅಂತ ಎಲ್ಲರೂ ಹೇಳ್ತಾರಲ್ಲ. ಸರಿ ಮಾಡೋಕೆ ಹೋಗಿ ಕೆಡಿಸಿದ್ದೀಯ ಅಂದ್ಕೊಂಡೆ."

ಇಷ್ಟು ವರ್ಷ ಪಾಠ ಹೇಳಿಕೊಟ್ಟ ತಮ್ಮ, ಅಕ್ಕನಿಗೆ ಅಷ್ಟೂ ತಲೆಗೆ ಹೋಗಿಲ್ಲ ಎಂದು ನಂಬಿ ಜೈಲಿಗೆ ಹೊರಟಿದ್ದ. ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ತಲೆ ನೇವರಿಸಬೇಕು ಅಂತಲೂ ಅನ್ನಿಸಿತು. ಎರಡೂ ಮಾಡದೆ ಬರಿದೆ ನಿಂತಳು.

ಕಾವಲುಗಾರ ಇನ್ನೂ ಮುಗಿಸಿರಲಿಲ್ಲ. ಆ ಮೇಡಂ ಭಾರೀ ಚುರುಕು ಸಾರ್ ಎಂದ. ಚೀಲ ಹಾಸಿಕೊಂಡು ಕಾರಿನ ಅಡಿಗೆ ತೂರಿದರು, ಕಣ್ಣು ಮಿಟುಕಿಸುವಷ್ಟರಲ್ಲಿ ಬೋಲ್ಟ್ ಬಿಚ್ಚಿದರು. ಆಮೇಲೆ ಎಲ್ಲಿಗೋ ಹೋಗಿ, ಅರ್ಧ ಗಂಟೆ ಬಿಟ್ಟು ಕ್ಯಾನು ಹಿಡಿದುಕೊಂಡು ಬಂದರು. ಮೇಲಿನಿಂದ ಆಲಿಕೆ ಇಟ್ಟು ಸುರಿದರು.

ಇನ್ಸ್‌ಪೆಕ್ಟರು ಲ್ಯಾಬಕ್ಕನ ಬೆರಳುಗಳನ್ನು ನೋಡಿದರು.

"ಮೇಡಂ," ಇನ್ಸ್‌ಪೆಕ್ಟರು ಮೆಲ್ಲಗೆ ಕೇಳಿದರು, "ನಿಮಗೆ ಗೇರ್ ಬಾಕ್ಸ್ ಬೋಲ್ಟ್ ಬಿಚ್ಚೋಕೆ ಬರುತ್ತಾ?"

ಬರುವುದಿಲ್ಲ. ಅವಳು ಜನ್ಮದಲ್ಲಿ ಸ್ಪ್ಯಾನರ್ ಮುಟ್ಟಿದವಳಲ್ಲ. ಆದರೆ ಬರುವುದಿಲ್ಲ ಎಂದರೆ ಉಳಿಯುವುದು ಒಬ್ಬಳೇ. ಆ ಒಬ್ಬಳು ಎರಡು ಮೊಳ ದೂರದಲ್ಲಿ ಬೆಂಚಿನ ಮೇಲೆ ಕೂತಿದ್ದಾಳೆ. ತಮ್ಮ ಆಗಲೇ ಹೆಂಡತಿಯ ಕಡೆ ತಿರುಗಿದ್ದ. ಅವನಿಗೂ ಈಗ ಹೊಳೆದಿತ್ತು.

ಬರುತ್ತೆ ಅನ್ನಲೇ? ಒಂದು ಸುಳ್ಳು. ಸುಳ್ಳು ಹೇಳಿದರೆ ತಮ್ಮ ಹೊರಗೆ, ಅವನ ಹೆಂಡತಿ ಹೊರಗೆ, ತಾನು ಒಳಗೆ. ನಿಜ ಹೇಳಿದರೆ ತಮ್ಮ ಹೊರಗೆ ಬಂದೂ ಬಾರದಂತೆ. ಅವಳು ಬಾಯಿ ತೆರೆದಳು. ಏನು ಹೇಳಬೇಕೆಂದು ತಿಳಿಯದೆಯೇ ತೆರೆದಳು.

"ಅತ್ತಿಗೆಗೆ ಉಪ್ಪಿನಕಾಯಿ ಬಾಟಲಿ ತೆರೆಯೋಕೇ ಇನ್ನೊಬ್ರು ಬೇಕು ಸಾರ್," ಎಂದಳು ತಮ್ಮನ ಹೆಂಡತಿ. "ಹೋದದ್ದು ನಾನು. ಕೋಟು ಮಾತ್ರ ಅವರದ್ದು. ಹೊಲಿಗೆ ಬಿಟ್ಟಿದೆ ಅಂತ ನನ್ನ ಹತ್ತಿರ ಕೊಟ್ಟಿದ್ರು."

ಅವಳು ಎದ್ದು ನಿಂತು, ಒಂದೇ ಉಸಿರಿನಲ್ಲಿ ಹೇಳಿದಳು. ಗಂಡ ಹಸಿರು ಆಯಿಲ್ ಹಾಕಿದ್ದನ್ನು ಕಣ್ಣಾರೆ ಕಂಡವಳು ತಾನು. ಪೊಲೀಸರ ಮೆಕ್ಯಾನಿಕ್ ಮುಟ್ಟುವ ಮುಂಚೆ ಒಂದು ಸೀಸೆ ತೆಗೆದಿಟ್ಟುಕೊಂಡರೆ ನಾಳೆ ಯಾರೂ ಇಲ್ಲ ಅನ್ನಲಾಗದು ಎಂದುಕೊಂಡು ಹೋದಳು. ಅಡಿಗೆ ತೂರಿ ಬೋಲ್ಟ್ ಬಿಚ್ಚಿದಳು. ಸೀಸೆ ಹಿಡಿದಳು.

"ಒಂದು ತೊಟ್ಟೂ ಬೀಳ್ಲಿಲ್ಲ ಸಾರ್. ಪೆಟ್ಟಿಗೆ ಖಾಲಿ ಇತ್ತು."

ಇನ್ಸ್‌ಪೆಕ್ಟರ ಪೆನ್ಸಿಲ್ ಮೇಜಿನ ಮೇಲೆ ಉರುಳಿತು. ಅವರು ಅದನ್ನು ಹಿಡಿಯಲಿಲ್ಲ.

ಖಾಲಿ ಇದ್ದರೆ ಏನನ್ನುತ್ತಾರೆ ಎಂದು ಅವಳು ಅಲ್ಲೇ ಲೆಕ್ಕ ಹಾಕಿದಳಂತೆ. ಹಳೆಯದನ್ನು ಇಳಿಸಿ ಹೊಸದನ್ನು ಹಾಕುವುದನ್ನೇ ಮರೆತ ಮೆಕ್ಯಾನಿಕ್ ಅನ್ನುತ್ತಾರೆ. ತಪ್ಪು ಆಯಿಲಿಗಿಂತ ಅದು ದೊಡ್ಡ ಅಪರಾಧ. ಗ್ಯಾರೇಜಿಗೆ ಸೀಲ್ ಬಿದ್ದಿತ್ತು, ಹಸಿರು ಕ್ಯಾನು ಒಳಗೆ. ಮನೆಯಲ್ಲಿ ಗಂಡ ಯಾವುದೋ ವ್ಯಾನಿನ ಸ್ಟೀರಿಂಗಿಗೆ ಹಾಕಲೆಂದು ಇಟ್ಟಿದ್ದ ಕೆಂಪು ಕ್ಯಾನು ಒಂದೇ ಇದ್ದದ್ದು. ಅದನ್ನೇ ತಂದು ಸುರಿದಳು. ಬಣ್ಣ ಯಾರು ನೋಡುತ್ತಾರೆ, ಪೆಟ್ಟಿಗೆ ತುಂಬಿದ್ದರೆ ಸಾಕು ಎಂದುಕೊಂಡಳು.

"ಖಾಲಿ ಪೆಟ್ಟಿಗೆಯ ಕಾರು ಗ್ಯಾರೇಜಿನ ಗೇಟೂ ದಾಟಲ್ಲ ಕಣೇ," ಎಂದ ತಮ್ಮ. "ಡಾಕ್ಟರಮ್ಮ ಒಂದು ದಿನ ಪೂರ್ತಿ ಓಡಿಸಿದ್ದಾರೆ. ನಿಂಗೆ ಗೊತ್ತಿಲ್ವಾ?"

"ನಂಗೆ ಗೊತ್ತು. ಇವರಿಗೆ ಗೊತ್ತಾ?"



ಲ್ಯಾಬಕ್ಕ ಮನಸ್ಸಿನಲ್ಲೇ ಒಂದೊಂದಾಗಿ ಜೋಡಿಸಿದಳು. ಹಸಿರು ಹಾಕಿದ್ದು ನಿಜ. ಕೆಂಪು ಸುರಿದದ್ದೂ ನಿಜ. ನಡುವೆ ಹಸಿರು ಎಲ್ಲಿಗೆ ಹೋಯಿತು? ಗೋಡೆಗೆ ಬಡಿದಾಗ ಪೆಟ್ಟಿಗೆ ಒಡೆದು ಸೋರಿಹೋಯಿತೇ? ಒಡೆದಿದ್ದರೆ ಕೆಂಪೂ ಸೋರಬೇಕಿತ್ತು. ಮಧ್ಯಾಹ್ನದವರೆಗೆ ಅದು ತುಂಬಿಯೇ ಇತ್ತು, ಸ್ಯಾಂಪಲ್ ತೆಗೆದಿದ್ದಾರೆ. ಅಂದರೆ ಯಾರೋ ಸ್ಪ್ಯಾನರ್ ಹಿಡಿದು ಬಂದು, ಹಸಿರನ್ನು ಕೊನೆಯ ಹನಿಯವರೆಗೆ ಇಳಿಸಿಕೊಂಡು, ಬೋಲ್ಟನ್ನು ಮತ್ತೆ ನೀಟಾಗಿ ಬಿಗಿದು ಹೋಗಿದ್ದಾರೆ. ನಿನ್ನೆ ಸಂಜೆಯಿಂದ ಇವತ್ತು ಬೆಳಿಗ್ಗೆ ಹತ್ತರ ಒಳಗೆ.

ಏರಿನಲ್ಲಿ ಪಟ್ಟಿ ಜಾರಿಸಿದ ಆ ಹಸಿರಿನಲ್ಲಿ ಅಂಥದ್ದೇನಿತ್ತು, ಯಾರ ಕಣ್ಣಿಗೂ ಬೀಳಬಾರದಂಥದ್ದು?

ರಿಜಿಸ್ಟರ್ ಇನ್ನೂ ಅವಳ ಕಡೆಗೇ ತೆರೆದಿತ್ತು. ಅವಳು ಓದಿದ್ದು ಪೆನ್ಸಿಲ್ ತೋರಿಸಿದ ಸಾಲನ್ನು ಮಾತ್ರ. ಈಗ ಅದರ ಮೇಲಿನ ಸಾಲುಗಳನ್ನು ನೋಡಿದಳು.

ನಿನ್ನೆ, ಏಳು ಗಂಟೆ ಐದು ನಿಮಿಷ: ವಾಹನ ಒಳಗೆ. ಕೆಳಗೆ ಇನ್ಸ್‌ಪೆಕ್ಟರ ಸಹಿ. ಅದು ಇರಲೇಬೇಕಾದದ್ದು.

ಅದರ ಕೆಳಗೆ ಇನ್ನೊಂದು ಸಾಲಿತ್ತು. ಏಳು ಐವತ್ತು: ಪರಿಶೀಲನೆ, ಒಬ್ಬರೇ. ಅದೇ ಸಹಿ.

ಅದಾದ ಮೇಲೆ ಬೆಳಿಗ್ಗೆಯವರೆಗೆ ಬೇರೆ ಯಾರ ಹೆಸರೂ ಇರಲಿಲ್ಲ. ಹಸಿರನ್ನು ಇಳಿಸಿಕೊಂಡು ಹೋಗಲು ಅವಕಾಶವಿದ್ದದ್ದು ಅವರೊಬ್ಬರಿಗೇ.

ಇನ್ಸ್‌ಪೆಕ್ಟರು ಕೈ ಚಾಚಿ ರಿಜಿಸ್ಟರನ್ನು ತಮ್ಮ ಕಡೆ ಎಳೆದುಕೊಂಡರು. ಅವಸರವಿಲ್ಲದೆ ಮುಚ್ಚಿದರು. ಕಾವಲುಗಾರನಿಗೆ ನೀನು ಹೋಗು, ಬಾಗಿಲು ಎಳೆದುಕೊಂಡು ಹೋಗು ಎಂದರು. ಬಾಗಿಲು ಮುಚ್ಚುವವರೆಗೆ ಕಾದರು.

"ಮೂರೂ ಮುಕ್ಕಾಲು," ಎಂದರು ಗಡಿಯಾರ ನೋಡದೆ. "ಇನ್ನು ಹದಿನೈದು ನಿಮಿಷಕ್ಕೆ ನಿಮ್ಮ ತಮ್ಮನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ನಾನು. ಕೈಹಿಡಿದು ಮನೆಗೆ ಕಳಿಸಲೂಬಹುದು. ಅದು ನಿಮ್ಮ ಉತ್ತರದ ಮೇಲಿದೆ."

ಅವರು ಮುಂದಕ್ಕೆ ಬಾಗಿದರು.

"ಹೇಳಿ ಮೇಡಂ. ಈಗ 'ಲ್ಯಾಬ್' ಅನ್ನೋ ಸಾಲಿಗಿಂತ ಮೇಲಿನ ಸಾಲುಗಳಲ್ಲಿ ನೀವು ಏನು ಓದಿದ್ರಿ?"